300 ಎಂಬಿಪಿಎಸ್ ಅಂತ ಹೇಳಿ ರಾತ್ರಿ 20 ಕೊಟ್ಟರೆ? ನೆಟ್‌ವರ್ಕ್ ಎಂಜಿನಿಯರ್‌ಗೆ ಪ್ರಶ್ನೆ

ಪ್ರಶ್ನೆ: ಸರ್, ನಮ್ಮದು 300 ಎಂಬಿಪಿಎಸ್ ಫೈಬರ್ ಪ್ಲಾನ್. ಬೆಳಿಗ್ಗೆ ಪರವಾಗಿಲ್ಲ. ರಾತ್ರಿ ಎಲ್ಲರೂ ಮನೆ ಸೇರಿದ ಮೇಲೆ 20 ದಾಟುವುದಿಲ್ಲ. ಫೋನ್ ಮಾಡಿದರೆ "ರೂಟರ್ ಆಫ್ ಮಾಡಿ ಆನ್ ಮಾಡಿ" ಅಷ್ಟೇ. ಜಾಸ್ತಿ ಕೇಳಿದರೆ "ಮುಂದಿನ ತಿಂಗಳು ಲೈನ್ ಅಪ್‌ಗ್ರೇಡ್ ಆಗುತ್ತದೆ" ಅನ್ನುತ್ತಾರೆ. ಆ ತಿಂಗಳು ಬರುವುದೇ ಇಲ್ಲ. ನಮಗೆ ಟೋಪಿ ಹಾಕುತ್ತಿದ್ದಾರಾ?

ಉತ್ತರ: ಇರಬಹುದು. ಆದರೆ ಜಗಳಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ರಾತ್ರಿ ಅಕ್ಕಪಕ್ಕದ ಮನೆಗಳ ವೈಫೈ ಕೂಡ ಅಡ್ಡ ಬರುತ್ತದೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದೇ ಮೂರು. ಹಾಗಾಗಿ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ನೇರ ರೂಟರ್‌ಗೆ ಸಿಕ್ಕಿಸಿ, ಉಳಿದ ಫೋನ್, ಟಿವಿಗಳ ವೈಫೈ ಆಫ್ ಮಾಡಿ ಅಳೆಯಿರಿ. ಸ್ಪೀಡ್ 94ರ ಹತ್ತಿರ ಗಕ್ಕನೆ ನಿಂತರೆ ಪೋರ್ಟ್ (ಕೇಬಲ್ ಸಿಕ್ಕಿಸುವ ಜಾಗ) ಹಳೆಯ 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲ್‌ನ ಎಂಟು ತಂತಿಯಲ್ಲಿ ಯಾವುದೋ ಕಟ್ ಆಗಿದೆ. ಕೇಬಲ್‌ನಲ್ಲೂ 20 ಬಂದರೆ ತೊಂದರೆ ಬಹುಮಟ್ಟಿಗೆ ಮನೆಯ ಹೊರಗಿನದು.

ಸಾಮಾನ್ಯ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗಳಿಗೆ ಕವಲು ಮಾಡಿ ಕೊಡುವ ವ್ಯವಸ್ಥೆ) ಲೈನ್‌ನಲ್ಲಿ ಡೌನ್‌ಲೋಡ್‌ಗೆ ಇರುವುದು ಸುಮಾರು 2.5 ಜಿಬಿಪಿಎಸ್. ಅದನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. 32 ಮನೆಯವರೂ ಒಟ್ಟಿಗೆ ಎಳೆದರೆ ಮನೆಗೆ 80 ಎಂಬಿಪಿಎಸ್‌ಗಿಂತ ಕಡಿಮೆ. ಹಾಗೆ ಒಟ್ಟಿಗೆ ಎಳೆಯುವುದು ಅಪರೂಪ, ಅದಕ್ಕೇ ಹಂಚುವುದೇ ಮೋಸ ಅಂತ ನಾನು ಹೇಳುವುದಿಲ್ಲ. ಮೋಸ ಶುರುವಾಗುವುದು ಅದರ ಹಿಂದೆ. ಕಂಪನಿ ಹೊರಗಿನ ಇಂಟರ್ನೆಟ್‌ನಿಂದ ತರುವ ಬ್ಯಾಂಡ್‌ವಿಡ್ತ್ (ಒಟ್ಟು ಸಾಮರ್ಥ್ಯ) ಅಷ್ಟೇ ಇಟ್ಟುಕೊಂಡು ಹೊಸ ಕನೆಕ್ಷನ್ ಕೊಡುತ್ತಾ ಹೋಗುತ್ತಾರಲ್ಲ, ಅಲ್ಲಿ. ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಅದರ ಮೇಲೇ.

ಇನ್ನೊಬ್ಬರು: ನನಗೆ ಟೆಸ್ಟ್‌ನಲ್ಲಿ 290 ತೋರಿಸುತ್ತದೆ ಸರ್, ಫೈಲ್ ಮಾತ್ರ 35ರಲ್ಲಿ ಇಳಿಯುತ್ತದೆ. ಇದೂ ಮೋಸ ಅಲ್ವಾ?

ಉತ್ತರ: ಅಲ್ಲ. ಟೆಸ್ಟ್ ತೋರಿಸುವುದು ಮೆಗಾಬಿಟ್, ಡೌನ್‌ಲೋಡ್ ತೋರಿಸುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 290ನ್ನು 8ರಿಂದ ಭಾಗಿಸಿ, 36 ಚಿಲ್ಲರೆ ಬರುತ್ತದೆ. ನಿಮ್ಮ ಲೈನ್ ಚೆನ್ನಾಗಿಯೇ ಇದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲ ಪ್ರಶ್ನೆ ಕೇಳಿದವರು: ನಮ್ಮ ಫಾರ್ಮ್‌ನಲ್ಲಿ "300ರವರೆಗೆ" ಅಂತ ಬರೆದಿದೆ. ಹಾಗಾದರೆ ಕೇಳುವ ಹಾಗೇ ಇಲ್ವಾ?

ಉತ್ತರ: ಜಾರಿಕೊಳ್ಳುವುದಕ್ಕೇ ಹಾಗೆ ಬರೆಯುತ್ತಾರೆ. ನೀವು 300ರ ಬಗ್ಗೆ ವಾದ ಮಾಡಬೇಡಿ. ರಾತ್ರಿ ಹೊತ್ತು ಕನಿಷ್ಠ ಎಷ್ಟು ಕೊಡುತ್ತೀರಿ, ಅಪ್‌ಗ್ರೇಡ್ ಯಾವ ತಾರೀಕು ಅಂತ ಇಮೇಲ್‌ನಲ್ಲಿ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ. ಒಂದು ವಾರ ಬೆಳಿಗ್ಗೆ, ರಾತ್ರಿ ಕೇಬಲ್‌ನಲ್ಲಿ ಅಳೆದ ಸ್ಕ್ರೀನ್‌ಶಾಟ್ ಜೊತೆಗಿರಲಿ. ಟೆಸ್ಟ್ ಮಾಡುವಾಗ ಆ ಕಂಪನಿಯದೇ ಸರ್ವರ್ ಆರಿಸಬೇಡಿ. ಅದು ಅವರ ನೆಟ್‌ವರ್ಕ್ ಒಳಗಿನ ದಾರಿಯನ್ನಷ್ಟೇ ಅಳೆಯುತ್ತದೆ, ಹೊರಗಿನ ಇಕ್ಕಟ್ಟು ಕಾಣುವುದಿಲ್ಲ. ಟೆಕ್ನಿಷಿಯನ್ ಬಂದರೆ ಆಪ್ಟಿಕಲ್ ಪವರ್, ಅಂದರೆ ಫೈಬರ್‌ನಲ್ಲಿ ನಿಮ್ಮ ಮನೆಗೆ ಬರುವ ಬೆಳಕಿನ ಬಲ, ನೋಡಲು ಹೇಳಿ. ಅದನ್ನು ಡಿಬಿಎಂನಲ್ಲಿ ಅಳೆಯುತ್ತಾರೆ. ಮೈನಸ್ 27ಕ್ಕಿಂತ ಕೆಳಗಿದ್ದರೆ (ಮೈನಸ್ 28, 30 ಹೀಗೆ) ಫೈಬರ್ ಎಲ್ಲೋ ಬಾಗಿದೆ, ಇಲ್ಲವೇ ಜೋಡಣೆ ಕೆಟ್ಟಿದೆ. ಹಾಗಿದ್ದರೆ ಅದನ್ನೂ ದೂರಿನಲ್ಲಿ ಬರೆಸಿ, ದೂರಿನ ನಂಬರ್ ತೆಗೆದುಕೊಳ್ಳಿ.

ಮೊದಲ ಪ್ರಶ್ನೆ ಕೇಳಿದವರು: ಇವತ್ತೇ ಅಳೆಯುತ್ತೇನೆ ಸರ್. ಕ್ಯಾಟ್ 5ಇ ದರ್ಜೆಯ ಲ್ಯಾನ್ ಕೇಬಲ್ ಸಾಕಾ?

ಉತ್ತರ: ಧಾರಾಳ ಸಾಕು. 1 ಜಿಬಿಪಿಎಸ್‌ವರೆಗೆ ಅದೇ ನಡೆಯುತ್ತದೆ.