ಬಿಲ್ಲಿಂಗ್ ಪ್ರಾಜೆಕ್ಟ್‌ಗೆ ಯಾವ ಡೇಟಾಬೇಸ್?

ಪ್ರಶ್ನೆ:
ಬಿಲ್ಲು, ಸ್ಟಾಕು, ಗ್ರಾಹಕರ ಬಾಕಿ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಈಗ ಎಸ್‌ಕ್ಯೂಲೈಟ್‌ನಲ್ಲಿದೆ. ಸುಮಾರು 30 ಜನ ಬಳಸುತ್ತಾರೆ. ಒಟ್ಟಿಗೆ ಸೇವ್ ಮಾಡಿದರೆ ಕೆಲವೊಮ್ಮೆ ‘ಡೇಟಾಬೇಸ್ ಈಸ್ ಲಾಕ್ಡ್’ ಅಂತ ಬರುತ್ತದೆ. ಯಾವುದಕ್ಕೆ ಹೋಗಲಿ?

ಉತ್ತರ 1:
ಎಸ್‌ಕ್ಯೂಲೈಟ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು, ಅದಕ್ಕೇ ಹಾಗೆ. ನನ್ನ ಮತ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಟೇಬಲ್ ಬದಲಾಯಿಸುವುದು ತಪ್ಪುವುದಿಲ್ಲ, ಅಲ್ವಾ? ಪೋಸ್ಟ್‌ಗ್ರೆಸ್‌ನಲ್ಲಿ ಕಾಲಂ ಸೇರಿಸುವುದನ್ನೂ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು ಎನ್ನುವ ಕೆಲಸಗಳ ಗುಂಪು) ಒಳಗೇ ಮಾಡಬಹುದು. ಒಮ್ಮೆ ರಾತ್ರಿ ಐದು ಬದಲಾವಣೆಗಳ ಸ್ಕ್ರಿಪ್ಟ್ ಓಡಿಸಿದ್ದೆ. ನಾಲ್ಕನೆಯದರಲ್ಲಿ ನನ್ನದೇ ತಪ್ಪಿತ್ತು. ರೋಲ್‌ಬ್ಯಾಕ್ ಕೊಟ್ಟೆ, ಎಲ್ಲ ಮೊದಲಿನಂತಾಯಿತು. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಾದರೆ ಆಲ್ಟರ್ ಟೇಬಲ್ (ಟೇಬಲ್ ಬದಲಾಯಿಸುವ ಆದೇಶ) ಕೊಟ್ಟ ತಕ್ಷಣ ತಾನಾಗಿಯೇ ಕಮಿಟ್ ಆಗುತ್ತದೆ, ಅಂದರೆ ಕಾಯಂ ಆಗುತ್ತದೆ, ಆಮೇಲೆ ರೋಲ್‌ಬ್ಯಾಕ್ ಮಾಡಲಾಗುವುದಿಲ್ಲ.

ಉತ್ತರ 2:
ನಿಮ್ಮ ತಂಡಕ್ಕೆ ಮೈಎಸ್‌ಕ್ಯೂಎಲ್ ಚೆನ್ನಾಗಿ ಗೊತ್ತಿದ್ದರೆ ಅದೂ ಸಾಕು. ಆದರೆ 8.0.16 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿ. ಅದಕ್ಕೂ ಹಳೆಯವು ಚೆಕ್ ಕನ್‌ಸ್ಟ್ರೇಂಟ್ (ಸ್ಟಾಕು ಸೊನ್ನೆಗಿಂತ ಕಡಿಮೆ ಆಗಬಾರದು ಎನ್ನುವಂಥ ನಿಯಮ) ಬರೆದರೆ ಒಪ್ಪಿಕೊಳ್ಳುತ್ತಿದ್ದವು, ಜಾರಿ ಮಾಡುತ್ತಿರಲಿಲ್ಲ. ಸ್ಟಾಕು ಮೈನಸ್‌ಗೆ ಹೋದರೂ ಸುಮ್ನೆ ಇರುತ್ತಿದ್ದವು.

ಪ್ರಶ್ನೆ ಕೇಳಿದವರು:
ರೋಲ್‌ಬ್ಯಾಕ್ ವಿಷಯ ಗೊತ್ತಿರಲಿಲ್ಲ. ಪೋಸ್ಟ್‌ಗ್ರೆಸ್‌ಗೇ ಹೋಗ್ತೀನಿ. ಬಾಕಿ ಮೊತ್ತ ಈಗ ಫ್ಲೋಟ್‌ನಲ್ಲಿದೆ (ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ವಿಧ), ಪರವಾಗಿಲ್ವಾ?

ಉತ್ತರ 1:
ಬೇಡವೇ ಬೇಡ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. ದಶಮಾಂಶವನ್ನು ನಿಖರವಾಗಿ ಇಡುವ ನ್ಯೂಮರಿಕ್ ವಿಧಕ್ಕೆ ಬದಲಾಯಿಸಿ, ಡೇಟಾ ಸಾಗಿಸುವ ಮೊದಲೇ.