‘ಗಡಿಯಾರ ಕಟ್ಟಿದೆ’ ಅನ್ನಬಹುದೇ? ಜೊತೆಗೆ, ನಕಲಿ ಅಲ್ಲದ ಹೋಲಿಕೆಗೆ ಒಂದು ಪದ

ಗೆಳೆಯರೇ, ನಮಸ್ಕಾರ.

ನಾಲ್ಕು ತಿಂಗಳ ಸಂಜೆಗಳನ್ನೆಲ್ಲ ಹಾಕಿ ಒಂದು ಕೈಗಡಿಯಾರ ಮಾಡಿಕೊಂಡಿದ್ದೇನೆ. ಅದರ ಬಗ್ಗೆ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ‘ನಾನೊಂದು ಗಡಿಯಾರ ಕಟ್ಟಿದೆ’ ಎಂದು ಬರೆದಿದ್ದೆ. ಮನೆ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ, ಇದೂ ಹಾಗೇ ಅಂದುಕೊಂಡೆ. ಓದಿದ ತಂಗಿ, ‘ಯಾರ ಕೈಗೆ ಕಟ್ಟಿದೆ ಅಣ್ಣಾ?’ ಎಂದಳು. ಹೌದಲ್ವಾ? ವಾಚು ಕಟ್ಟುವುದು ಅಂದರೆ ಕೈಗೆ ಹಾಕಿಕೊಳ್ಳುವುದು. ಬೇರೆ ಎಷ್ಟೋ ಕಡೆ ಸಲೀಸಾಗಿ ಕೂರುವ ‘ಕಟ್ಟು’ ಇಲ್ಲಿ ಮಾತ್ರ ಕೂರುವುದಿಲ್ಲ.

‘ಮಾಡಿದೆ’ ಅನ್ನೋಣ ಅಂದರೆ ಒಳಗಿನ ಮಿಷನ್ ನನ್ನದಲ್ಲ. ಜಪಾನಿನ ಸೇಕೊ ಕಂಪನಿಯವರ ಎನ್‌ಎಚ್35, ಸಿದ್ಧವಾಗಿ ಸಿಗುವಂಥದ್ದು. ಸವೆಯದಂತೆ ಒಳಗೆ ಕೂರಿಸಿದ 24 ಕಲ್ಲು, ಗಂಟೆಗೆ 21,600 ಬಡಿತ, ಪೂರ್ತಿ ಕೀ ಕೊಟ್ಟರೆ ಸುಮಾರು 41 ಗಂಟೆ ಓಡುತ್ತದೆ. ಮುಳ್ಳುಗಳನ್ನೂ ಕೊಂಡು ತಂದೆ. ಕೇಸು, ಡಯಲ್, ಗಾಜಿನ ಸುತ್ತಲಿನ ಎಂಟು ಮೂಲೆಯ ಚೌಕಟ್ಟು, ಇವು ನನ್ನ ಕೈಕೆಲಸ. ‘ಜೋಡಿಸಿದೆ’ ಅಂದರೆ ಅರ ಹಿಡಿದು ಉಜ್ಜಿದ ಸಂಜೆಗಳೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ‘ಮಾಡಿದೆ’ ಅಂದರೆ ಮಿಷನ್ ಮಾಡಿದವರಿಗೆ ಅನ್ಯಾಯ. ಈ ಎರಡರ ನಡುವೆ ಒಂದು ಕ್ರಿಯಾಪದ ಇದೆಯೇ?

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ಇನ್ನೊಂದು. ನನ್ನ ಗಡಿಯಾರದ ರೂಪ ನನ್ನದಲ್ಲ. 1972ರಲ್ಲಿ ಓಡೆಮಾರ್ ಪಿಗೆ ಕಂಪನಿ ತಂದ ರಾಯಲ್ ಓಕ್ ಎಂಬ ಕೈಗಡಿಯಾರ ನೋಡಿ ಮಾಡಿದ್ದು. ಅದರ ವಿನ್ಯಾಸ ಮಾಡಿದವರು ಜೆರಾಲ್ಡ್ ಜೆಂಟಾ. 39 ಮಿಲಿಮೀಟರ್ ಅಗಲ, ಮೈಯೆಲ್ಲ ಉಕ್ಕು, ಎಂಟು ಮೂಲೆ, ಎಂಟು ತಿರುಪು. ಪಟ್ಟಿ ಕೇಸಿನಿಂದಲೇ ಹರಿದು ಬಂದಂತೆ ಇರುತ್ತದೆ. ಅಂಥದನ್ನು ಕೊಳ್ಳಲು ನನ್ನಿಂದ ಆಗದು. ಆದರೆ ಅದರ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಅದಕ್ಕೇ ಮಾಡಲು ಕೂತೆ. ಡಯಲ್ ಮೇಲೆ ಅವರ ಹೆಸರು ಹಾಕಿಲ್ಲ, ಗುರುತೂ ಹಾಕಿಲ್ಲ.

ಇಂಥ ಗಡಿಯಾರಕ್ಕೆ ಇಂಗ್ಲಿಷಿನವರು ‘ಹೋಮೇಜ್’, ಅಂದರೆ ಗೌರವ ಸಲ್ಲಿಕೆ, ಅನ್ನುತ್ತಾರೆ. ನಾವು ಏನನ್ನೋಣ? ‘ನಕಲಿ’ ಖಂಡಿತ ಅಲ್ಲ. ನಕಲಿ ಅಂದರೆ ತನ್ನದಲ್ಲದ ಹೆಸರನ್ನು ಹೊತ್ತು ಮೋಸ ಮಾಡುವುದು. ‘ನಕಲು’ ಅಷ್ಟು ಕೆಟ್ಟದ್ದಲ್ಲ. ಪತ್ರದ ನಕಲು ತೆಗೆಸುತ್ತೇವೆ, ಅದರಲ್ಲಿ ಮೋಸ ಏನೂ ಇಲ್ಲ. ಆದರೆ ವಾಚಿನ ಜೊತೆ ಈ ಪದ ಬಂದರೆ ಕೇಳುವವರ ಕಿವಿಗೆ ‘ನಕಲಿ’ ಎಂದೇ ಬೀಳುತ್ತದೆ. ‘ಪಡಿಯಚ್ಚು’ ಅನ್ನಲು ಅದೇ ಅಚ್ಚಿನಲ್ಲಿ ತೆಗೆದಂತೆ ಇರಬೇಕು, ನನ್ನದು ಹಾಗಿಲ್ಲ. ‘ಪ್ರೇರಿತ’ ತುಂಬ ಸಡಿಲ. ಎಂಟು ಮೂಲೆ ಇರುವ ಏನನ್ನಾದರೂ ಪ್ರೇರಿತ ಅನ್ನಬಹುದು.

ಯೋಚಿಸುತ್ತಾ ಇದ್ದಾಗ ‘ಧಾಟಿ’ ನೆನಪಾಯಿತು. ಹಾಡಿನ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಧಾಟಿ ಎಂದು ಅಚ್ಚು ಹಾಕುವುದುಂಟು. ಮಾತು ಹೊಸದು, ಧಾಟಿ ತಂದದ್ದು. ಎಲ್ಲಿಂದ ತಂದದ್ದು ಅನ್ನುವುದನ್ನೂ ಅಲ್ಲೇ ಹೇಳಿರುತ್ತಾರೆ, ಮುಚ್ಚಿಡುವುದಿಲ್ಲ. ನನಗೆ ಬೇಕಾದದ್ದು ಇದೇ. ‘ರಾಯಲ್ ಓಕ್ ಧಾಟಿಯ ಗಡಿಯಾರ’. ‘ಮಟ್ಟು’ ಕೂಡ ಇದೇ ಅರ್ಥದ ಪದ. ಆದರೆ ‘ರಾಯಲ್ ಓಕ್ ಮಟ್ಟಿನ’ ಅಂದರೆ ‘ಮಟ್ಟದ’ ಎಂದು ಓದಿಕೊಳ್ಳುವ ಅಪಾಯ ಇದೆ. ಅದು ನಾನು ಹೇಳಲು ಹೊರಟದ್ದಕ್ಕೆ ಪೂರ್ತಿ ಉಲ್ಟಾ. ಧಾಟಿಯ ಬಗ್ಗೆಯೂ ನನಗೊಂದು ಅನುಮಾನ ಇದೆ. ಹಾಡಿನ ಧಾಟಿ, ಮಾತಿನ ಧಾಟಿ ಎರಡೂ ಕಿವಿಗೆ ಸೇರಿದವು. ಕಣ್ಣಿಗೆ ಕಾಣುವ ವಸ್ತುವಿಗೆ ಅದು ಹೊಂದುತ್ತದೆಯೇ?

ಜೆಂಟಾ ಅವರಿಗೂ ಆ ರೂಪ ಬರಿಗಾಳಿಯಿಂದ ಬಂದದ್ದಲ್ಲ. ಸಮುದ್ರದ ಆಳಕ್ಕೆ ಇಳಿಯುವವರು ಹಾಕುತ್ತಿದ್ದ ಲೋಹದ ತಲೆಗವಚ, ಅದರ ಮೇಲೆ ಎದ್ದು ಕಾಣುವ ತಿರುಪುಗಳು, ಅಲ್ಲಿಂದ ಬಂದದ್ದು.

ತಿರುಪು ಅಂದಾಗ ನೆನಪಾಯಿತು. ತಿರುಗಿಸುವುದರಿಂದಲೇ ಅದು ತಿರುಪು, ಅಲ್ವಾ? ರಾಯಲ್ ಓಕ್‌ನಲ್ಲಿ ಮುಂದೆ ಕಾಣುವ ಎಂಟೂ ತಿರುಗುವುದೇ ಇಲ್ಲ. ಅವುಗಳ ತಲೆ ಆರು ಮೂಲೆಯದು. ಅದೇ ಆಕಾರದ ಗುಳಿಯಲ್ಲಿ ಕಚ್ಚಿಕೊಂಡು ಕೂತಿರುತ್ತದೆ. ಬಿಗಿ ಮಾಡುವುದು ಹಿಂದಿನಿಂದ. ಹಾಗಾಗಿಯೇ ತಲೆಯ ಮೇಲಿನ ಗೀರುಗಳೆಲ್ಲ ಒಂದೇ ಶಿಸ್ತಿನಲ್ಲಿ ನಿಲ್ಲುತ್ತವೆ. ನನ್ನವು ನಿಜವಾದ ತಿರುಪುಗಳು. ಬಿಗಿ ಆದಲ್ಲಿ ನಿಂತವು, ಗೀರುಗಳು ಒಂದೊಂದು ದಿಕ್ಕಿಗೆ. ತಿರುಗದವಕ್ಕೂ ತಿರುಪು ಅನ್ನುವುದೇ, ಅಥವಾ ‘ಮೊಳೆ’ ಸಾಕೇ?

ಇನ್ನು ಕೆಲವು ಸಣ್ಣವು. ಮಿಷನ್‌ಗೆ ‘ಚಲನೆ’ (ಮೂವ್ಮೆಂಟ್), ಕೀ ಕೊಡುವ ಗುಂಡಿಗೆ ‘ಕಿರೀಟ’ (ಕ್ರೌನ್) ಎಂದು ಇಂಗ್ಲಿಷಿನಿಂದ ಪದಕ್ಕೆ ಪದ ಇಡುವುದು ನನಗೆ ಒಪ್ಪಿಗೆ ಇಲ್ಲ. ‘ಮಿಷನ್’, ‘ಕೀ’ ಎಲ್ಲರಿಗೂ ಗೊತ್ತು. ‘ಕಲ್ಲು’ ಅಂತೂ ನನಗೆ ತುಂಬ ಇಷ್ಟ. ಒಳಗೆ ಚಕ್ರಗಳ ಅಚ್ಚುಗಳು ಸವೆಯದಂತೆ ಕೂರಿಸಿರುವುದು ಕೃತಕ ಮಾಣಿಕ್ಯ. ಮೂಗುತಿಗೆ ಕಲ್ಲು ಕೂರಿಸುವ ಭಾಷೆಗೆ ಬೇರೆ ಪದ ಯಾಕೆ?

ಹಿಂದಿನ ಮುಚ್ಚಳ ಇನ್ನೂ ಖಾಲಿ ಬಿಟ್ಟಿದ್ದೇನೆ. ‘ರಾಯಲ್ ಓಕ್ ಧಾಟಿ’ ಎಂದು ಕೈಯಲ್ಲೇ ಕೊರೆಯುವ ಆಸೆ. ಕೊರೆದ ಮೇಲೆ ಅಳಿಸಲು ಬರುವುದಿಲ್ಲ. ಆ ಮೂರನೆಯ ಪದದ ಜಾಗಕ್ಕೆ ಇನ್ನೂ ಒಳ್ಳೆಯದು ಹೊಳೆದರೆ ದಯವಿಟ್ಟು ಬರೆಯಿರಿ. ನಾಲ್ಕು ಅಕ್ಷರದ ಒಳಗಿದ್ದರೆ ಜಾಗ ಸಾಲುತ್ತದೆ.