ಸಹಾಯ ಬೇಕು: ವ್ಯಾನಿನ ಇನ್ವರ್ಟರ್‌ಗೆ ಸರಿಯಾದ ಅರ್ಥಿಂಗ್ ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮ ಹಳೆಯ ವ್ಯಾನನ್ನು ಮನೆಮಂದಿಯೆಲ್ಲ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವಂತೆ ಮಾರ್ಪಡಿಸುತ್ತಿದ್ದು, 12 ವೋಲ್ಟ್ ಬ್ಯಾಟರಿಯಿಂದ 230 ವೋಲ್ಟ್ ಕೊಡುವ ಇನ್ವರ್ಟರ್ ಕೂರಿಸಿದ್ದೇವೆ. ಅದರ ಲೋಹದ ಕವಚದಲ್ಲಿರುವ ಅರ್ಥ್ ಬೋಲ್ಟಿನಿಂದ ಹಸಿರು-ಹಳದಿ ತಂತಿ ಎಳೆದು, ಚಾಸಿಯ (ವ್ಯಾನಿನ ಲೋಹದ ಚೌಕಟ್ಟಿನ) ಬಣ್ಣವನ್ನು ಹೊಳಪು ಕಾಣುವವರೆಗೆ ಕೆರೆದು ಬಿಗಿದಿದ್ದೇವೆ. ಇಲ್ಲಿಯವರೆಗೆ ಅನುಮಾನವಿಲ್ಲ.

ತೊಡಕಿರುವುದು ನ್ಯೂಟ್ರಲ್‌ನಲ್ಲಿ, ಅಂದರೆ ಕರೆಂಟ್ ಹಿಂತಿರುಗುವ ತಂತಿಯಲ್ಲಿ. ಇನ್ವರ್ಟರಿನ ನ್ಯೂಟ್ರಲ್ ಚಾಸಿಗೆ ಸೇರದೆ ತೇಲುತ್ತಿದ್ದರೆ, ಫೇಸ್ ತಂತಿಯ ಹೊದಿಕೆ ಸವೆದು ವ್ಯಾನಿನ ಗೋಡೆಗೆ ತಗುಲಿದರೂ ಕರೆಂಟ್ ಹಿಂತಿರುಗುವ ದಾರಿಯಿಲ್ಲದೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಟ್ರಿಪ್ ಆಗುವುದಿಲ್ಲ. ಎಲೆಕ್ಟ್ರಿಷಿಯನ್ ಒಬ್ಬರು ನ್ಯೂಟ್ರಲನ್ನು ಚಾಸಿಗೆ ಕಾಯಮ್ಮಾಗಿ ಜೋಡಿಸಿಬಿಡಿ ಎನ್ನುತ್ತಾರೆ. ಆದರೆ ದೇವರಾಯನದುರ್ಗದಂಥ ಕಡೆ ತಂಗಿದಾಗ ಹೊರಗಿನ ಪ್ಲಗ್ಗಿನಿಂದ ಕರೆಂಟ್ ತೆಗೆದುಕೊಂಡರೆ, ನ್ಯೂಟ್ರಲ್ ಎರಡು ಕಡೆ ಅರ್ಥ್ ಆಗಿ ಮಾಮೂಲಿ ಕರೆಂಟೇ ಅರ್ಥ್ ತಂತಿಯಲ್ಲೂ ಹರಿಯುತ್ತದೆ. ಮೇಲಾಗಿ ಕೆಲವು ಇನ್ವರ್ಟರುಗಳು ಇಂಥ ಜೋಡಣೆಯಿಂದ ಸುಟ್ಟೇಹೋಗುತ್ತವೆ. ಮಕ್ಕಳು ಆ ಲೋಹದ ಗೋಡೆಗೇ ಒರಗಿ ಮಲಗುವವರಾದ್ದರಿಂದ ಅಂದಾಜಿನ ಮೇಲೆ ಕೆಲಸ ಮುಗಿಸಲು ನನಗೆ ಮನಸ್ಸಿಲ್ಲ.

ಹೊರಗಿನ ಕರೆಂಟ್ ಬಂದೊಡನೆ ನ್ಯೂಟ್ರಲ್-ಚಾಸಿ ಜೋಡಣೆಯನ್ನು ತಾನಾಗಿ ಬಿಡಿಸುವ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಅಳವಡಿಸಿದವರು ಇದ್ದರೆ, ಯಾವ ಬಗೆಯದು, ಚಾಸಿಯ ತಂತಿ ಎಷ್ಟು ದಪ್ಪವಿರಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ತುಮಕೂರಿನ ಸುತ್ತಮುತ್ತ ಇದನ್ನು ಪರೀಕ್ಷಿಸಿ ಕೊಡಬಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಗೊತ್ತಿದ್ದರೂ ಹೇಳಿ.